ಕೇಳದೆ ಹಾಕದ ಮಾಸ್ತರರು

ನಮ್ಮ ಟೈಪಿಂಗ್ ಮಾಸ್ತರರು ತೀರಿಕೊಂಡ ಸುದ್ದಿಯನ್ನು ಊರಿಗೆ ತಿಳಿಸುವ ಕೆಲಸ ಹೋದ ತಿಂಗಳು ನನ್ನ ತಲೆಗೆ ಬಂತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಈ ನಾಲ್ಕೂ ತಾಲೂಕಿನ ಸಾವಿನ ಸುದ್ದಿಯನ್ನು ವರ್ಷಗಟ್ಟಲೆ ತಮ್ಮ ವೆಬ್‌ಸೈಟಿನಲ್ಲಿ ಹಾಕಿ ಮಂದಿಗೆ ಮುಟ್ಟಿಸಿದ ಮನುಷ್ಯ ಅವರು. ಈಗ ಜಿಲ್ಲೆಯಲ್ಲಿ ತಾಲೂಕುಗಳು ಹೆಚ್ಚಾಗಿವೆ, ಆದರೆ ಮಾಸ್ತರರ ಲೆಕ್ಕದಲ್ಲಿ ಕೊನೆಯವರೆಗೂ ನಾಲ್ಕೇ. ಅಂಥವರ ಸುದ್ದಿ ಹಾಕಲು ಕಡೆಗೆ ಸಿಕ್ಕವನು ಫೋಟೋ ಸ್ಟುಡಿಯೋ ಇಟ್ಟುಕೊಂಡಿರುವ, ಗಿರಾಕಿಗಳ ಮೇಲೆ ಸಿಡಿಮಿಡಿಗುಟ್ಟುವ ನಾನು. ಹಾಕೋಣವೆಂದರೆ ಅವರದೊಂದು ನೆಟ್ಟಗಿನ ಫೋಟೋ ಇಲ್ಲ. ಊರಿನ ಸತ್ತವರ ಮುಖಗಳನ್ನೆಲ್ಲ ನನ್ನ ಕೈಯಲ್ಲಿ ತಿದ್ದಿಸಿದ ಪುಣ್ಯಾತ್ಮ, ಪಕ್ಕದಲ್ಲೇ ಸ್ಟುಡಿಯೋ ಇದ್ದರೂ ತಾನು ಒಮ್ಮೆಯೂ ಬಂದು ಕ್ಯಾಮೆರಾ ಮುಂದೆ ಕೂರಲಿಲ್ಲ. ಆಧಾರ್ ಕಾರ್ಡಿನ ಚಿತ್ರದಿಂದಲೇ ಕೆಲಸ ಸಾಗಿಸಿದೆ. ಅದರಲ್ಲಿ ಅವರು ಯಾರೋ ಬೈದು ಕೂರಿಸಿದಂತೆ ಕಾಣುತ್ತಾರೆ.

ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ನನ್ನ ಸ್ಟುಡಿಯೋಗೂ ಅವರ ಅಂಗಡಿಗೂ ನಡುವೆ ಒಂದೇ ಗೋಡೆ. ನಾನು ಅಲ್ಲಿಗೆ ಬಂದ ಹೊಸತರಲ್ಲಿ ಅದು ಟೈಪಿಂಗ್ ಇನ್ಸ್ಟಿಟ್ಯೂಟ್. ಓಣಿಯ ಆ ತುದಿಯಲ್ಲಿ ಮಗ್ಗದ ಸದ್ದು, ಈ ತುದಿಯಲ್ಲಿ ಟೈಪ್‌ರೈಟರ್ ಸದ್ದು, ನಡುವೆ ನನ್ನ ತಲೆನೋವು. ಮಾಸ್ತರರು ಎರಡೂ ಕೈ ಹಿಂದೆ ಕಟ್ಟಿಕೊಂಡು ವಿದ್ಯಾರ್ಥಿಗಳ ಬೆನ್ನ ಹಿಂದೆ ಅಡ್ಡಾಡುವರು. ತಪ್ಪು ಅಕ್ಷರ ಬಿತ್ತೆಂದರೆ ಅಳಿಸಲು ಬಿಡುತ್ತಿರಲಿಲ್ಲ, ಹೊಸ ಹಾಳೆ ಹಾಕಿಸಿ ಮೊದಲಿನಿಂದ ಹೊಡೆಸುತ್ತಿದ್ದರು. ಹಾಳೆ ದಂಡವಾಗುತ್ತದಲ್ಲ ಎಂದು ನಾನು ಹಂಗಿಸಿದರೆ, ಬೆರಳಿಗೆ ಅಳಿಸುವ ಚಟ ಹತ್ತಿದರೆ ಮನುಷ್ಯ ಲಕ್ಷ್ಯವಿಲ್ಲದೆ ಹೊಡೆಯಲು ಕಲಿಯುತ್ತಾನೆ ಎನ್ನುವರು. ಹಾಗೆ ಕಲಿತವರು ಯಲಬುರ್ಗಾದ ಕಚೇರಿಗಳಲ್ಲಿ, ಕುಷ್ಟಗಿಯ ವಕೀಲರ ಬಳಿ, ಗಂಗಾವತಿಯ ಅಕ್ಕಿ ಗಿರಣಿಗಳ ಕಾರಕೂನರಾಗಿ ಹರಡಿಕೊಂಡರು. ಕಂಪ್ಯೂಟರ್ ಬಂದು ಟೈಪ್‌ರೈಟರ್ ಗುಜರಿಗೆ ಹೋದ ಮೇಲೆ ಮಾಸ್ತರರೂ ಒಂದು ಕಂಪ್ಯೂಟರ್ ತಂದು ಅದೇ ಕುರ್ಚಿಯಲ್ಲಿ ಕುಳಿತರು.

ಸಾವಿನ ಸುದ್ದಿಯ ವೆಬ್‌ಸೈಟ್ ಯಾಕೆ ಮಾಡಿದರೆಂದು ಬಹಳ ಜನ ಕೇಳುತ್ತಿದ್ದರು. ಯಾರಿಗೂ ಸರಿಯಾಗಿ ಹೇಳುತ್ತಿರಲಿಲ್ಲ. ನನಗೊಮ್ಮೆ, ಚಹಾ ಬಸಿಯಲ್ಲಿ ಸುರಿದುಕೊಂಡು ಊದುತ್ತ ಹೇಳಿದ್ದು ಇಷ್ಟೇ: ಅವರ ತಾಯಿ ತೀರಿಕೊಂಡಾಗ ಯಲಬುರ್ಗಾ ಕಡೆ ಇದ್ದ ಅಣ್ಣನಿಗೆ ಸುದ್ದಿ ತಡವಾಗಿ ಮುಟ್ಟಿತು, ಆತ ಬಸ್ಸಿಳಿದು ಓಡಿ ಬರುವಷ್ಟರಲ್ಲಿ ಮಣ್ಣಾಗಿತ್ತು. ಆಮೇಲೆ ಆ ಅಣ್ಣ ಸಾಯುವವರೆಗೂ ಇವರೊಂದಿಗೆ ಮನಬಿಚ್ಚಿ ಮಾತಾಡಲಿಲ್ಲವಂತೆ. ಅದಕ್ಕೇ ಅವರ ವೆಬ್‌ಸೈಟಿನಲ್ಲಿ ಸತ್ತವರ ಗುಣಗಾನ ಇರುತ್ತಿರಲಿಲ್ಲ. ಹೆಸರು, ಊರು, ಫೋಟೋ, ಮಣ್ಣು ಎಷ್ಟೊತ್ತಿಗೆ, ಎಲ್ಲಿ ಎನ್ನುವುದಿಷ್ಟೇ. ಬಸ್ ಹಿಡಿಯುವವನಿಗೆ ಅಷ್ಟು ಸಾಕು ಎಂಬುದು ಅವರ ಲೆಕ್ಕ. ಹಿಂದೂ, ಮುಸಲ್ಮಾನ ಎಂಬ ಬೇರೆ ಬೇರೆ ಪಟ್ಟಿಯೂ ಇರಲಿಲ್ಲ.

ಫೋಟೋ ತಿದ್ದುವುದು ನನ್ನ ಪಾಲಿನ ಸೇವೆ. ಮಂದಿ ಕಳಿಸುವ ಫೋಟೋಗಳೋ, ದೇವರೇ ಗತಿ. ಮದುವೆಯ ಗುಂಪಿನಿಂದ ಕತ್ತರಿಸಿದ್ದು, ಎತ್ತಿನ ಪಕ್ಕ ನಿಂತದ್ದು, ಒಂದು ಕಣ್ಣು ಮುಚ್ಚಿದ್ದು. ಒಬ್ಬ ಮುದುಕನ ಹೆಗಲ ಮೇಲೆ ಯಾರದೋ ಕೈ ಇತ್ತು, ಕೈಯ ಒಡೆಯ ಚಿತ್ರದಲ್ಲಿರಲಿಲ್ಲ. ನಾನು ಆ ಕೈ ತೆಗೆಯಲು ಹೊರಟರೆ ಮಾಸ್ತರರು ತಡೆದರು, ಇರಲಿ ಬಿಡು, ಕೈ ಇಟ್ಟವನು ಎಲ್ಲಾದರೂ ನೋಡುತ್ತಾನೆ ಅಂದರು. ನಾನು ಬೈದುಕೊಂಡೇ ಬಿಟ್ಟೆ.

ಆದರೆ ಅವರನ್ನು ನಾಲ್ಕು ತಾಲೂಕಿಗೆ ಪರಿಚಯಿಸಿದ್ದು ಫೋಟೋ ಅಲ್ಲ, ಫೋನು. ಯಾರೇ ಸುದ್ದಿ ಕಳಿಸಲಿ, ಸತ್ತವರ ಮನೆಗೆ ತಾವೇ ಫೋನ್ ಮಾಡಿ ಕೇಳದೆ ಹಾಕುತ್ತಿರಲಿಲ್ಲ. ಕೇಳುವ ರೀತಿಯೂ ಒಂದೇ. ಚಹಾದ ಬಸಿ ಕೆಳಗಿಡುವರು, ಟೋಪಿ ಸರಿಮಾಡಿಕೊಳ್ಳುವರು, ಕುರ್ಚಿಯಿಂದ ಎದ್ದು ನಿಲ್ಲುವರು. ಎರಡೂ ಕೈಯಲ್ಲಿ ಫೋನ್ ಹಿಡಿದು, "ಕೊಪ್ಪಳದ ಟೈಪಿಂಗ್ ಮಾಸ್ತರ ಮಾತಾಡೋದು. ಸುದ್ದಿ ಬಂದೈತಿ. ಖರೇನ್ರಿ?" ಎನ್ನುವರು. ಆ ಕಡೆಯಿಂದ ಹೌದೆಂದ ಮೇಲೆ ಸಮಾಧಾನದ ಮಾತಿಲ್ಲ, ಉಪಚಾರವಿಲ್ಲ, "ಮಣ್ಣು ಎಷ್ಟೊತ್ತಿಗ್ರಿ?" ಅಷ್ಟೇ. ನಾನು ಅವರೆದುರೇ ಎದ್ದು ನಿಂತು ಈ ಅಣಕು ಮಾಡಿ ತೋರಿಸುತ್ತಿದ್ದೆ. ನಗುತ್ತಿದ್ದರು.

ಒಮ್ಮೆ ಕುಷ್ಟಗಿಯವನೊಬ್ಬ ತಂದೆ ಇನ್ನೇನು ಹೋಗುತ್ತಾರೆಂದು ಮುಂಚಿತವಾಗಿಯೇ ಸುದ್ದಿ ಬರೆದು ಕಳಿಸಿದ್ದ. ಇವರು ಫೋನ್ ಮಾಡಿದರೆ ಎತ್ತಿದವರು ಆ ತಂದೆಯೇ. ಖರೇನ್ರಿ ಎಂದು ಕೇಳಿದ್ದಕ್ಕೆ ಮುದುಕ ಸ್ವಲ್ಪ ಕೆಮ್ಮಿ, "ಇನ್ನಾ ಇಲ್ಲರಿ, ಜರಾ ತಡೀರಿ" ಅಂದನಂತೆ. ಆ ದಿನ ಮಾಸ್ತರರು ಗೋಡೆಯಾಚೆಯಿಂದ ನನ್ನನ್ನು ಕೂಗಿ ಕರೆದು, ಹೇಳಿ ಮುಗಿಸಲಾರದಷ್ಟು ನಕ್ಕರು. ಮುದುಕ ಆಮೇಲೆ ಮತ್ತೊಂದು ಸುಗ್ಗಿ ಉಂಡ.

ಇನ್ನೊಂದು ನಿಯಮವಿತ್ತು, ಅದು ನಗುವಂಥದ್ದಲ್ಲ. ಮದುವೆಯಾದ ಹೆಣ್ಣುಮಗಳು ಸತ್ತಳೆಂದು ಗಂಡನ ಮನೆಯಿಂದ ಸುದ್ದಿ ಬಂದರೆ ತವರಿಗೂ ಫೋನ್ ಮಾಡಿ ಕೇಳುವರು. ತವರಿನವರು ಹೌದೆನ್ನುವವರೆಗೆ ಹಾಕುತ್ತಿರಲಿಲ್ಲ. ಒಮ್ಮೆ ಯಾರದೋ ಮನೆಯಲ್ಲಿ ತವರಿನವರು ಬರುವ ಮೊದಲೇ ಮಣ್ಣಿನ ವೇಳೆ ಗೊತ್ತು ಮಾಡಿ ಕಳಿಸಿದ್ದರು. ಇವರು ಯಾಕೋ ಅನುಮಾನ ಬಂದು ತವರಿಗೆ ಫೋನ್ ಹಚ್ಚಿದಾಗ ಆ ತಾಯಿಗೆ ಸುದ್ದಿಯೇ ಗೊತ್ತಿರಲಿಲ್ಲ. ಮುಂದೆ ಆ ಪ್ರಕರಣ ಠಾಣೆ ಕಂಡಿತು. ಅಂದಿನಿಂದ ಈ ನಿಯಮ. ಹೀಗಾಗಿ ನಾಲ್ಕೂ ತಾಲೂಕಿನಲ್ಲಿ ಒಂದು ಮಾತು ಬೆಳೆದುಬಿಟ್ಟಿತ್ತು: ಮಾಸ್ತರರು ಕೇಳದೆ ಹಾಕುವುದಿಲ್ಲ. ಅವರು ಹಾಕಿದರೆಂದರೆ ಸತ್ತದ್ದು ಸತ್ಯ, ಬೇರೆ ಕಡೆ ವಿಚಾರಿಸುವುದು ಬೇಕಿಲ್ಲ. ಆ ಮಾತೇ ಮುಂದೆ ಒಬ್ಬಳನ್ನು ಕೊಂದಿತು. ಇದನ್ನು ಬರೆಯದೆ ಅವರ ಚಿತ್ರ ಪೂರ್ತಿಯಾಗುವುದಿಲ್ಲ.

ಸುದ್ದಿ ಹೆಚ್ಚಾದ ಮೇಲೆ ಅವರು ವೆಬ್‌ಸೈಟಿಗೆ ಒಂದು ಪ್ಲಗಿನ್ ಹಾಕಿಸಿದ್ದರು. ಪ್ಲಗಿನ್ ಎಂದರೆ ಯಾರೋ ಮಾಡಿಟ್ಟದ್ದನ್ನು ತಂದು ನಮ್ಮ ವೆಬ್‌ಸೈಟಿಗೆ ಜೋಡಿಸುವ ಬಿಡಿಭಾಗ. ಇದರಿಂದ ಮಂದಿ ತಮ್ಮ ಮೊಬೈಲಿನಲ್ಲೇ ಸುದ್ದಿ ತುಂಬಿ ಕಳಿಸಬಹುದಿತ್ತು. ಬಂದ ಸುದ್ದಿ ಮಾಸ್ತರರ ಪರದೆಯಲ್ಲಿ ಕಾಯುತ್ತ ಕೂರುವುದು, ಇವರು ಫೋನ್ ಮಾಡಿ ಕೇಳಿ 'ಪ್ರಕಟಿಸು' ಎಂಬ ಗುಂಡಿ ಒತ್ತಿದರೆ ಮಾತ್ರ ಊರಿಗೆ ಕಾಣುವುದು. ಒಮ್ಮೆ ಆ ಪ್ಲಗಿನ್ನಿಗೆ ಅಪ್‌ಡೇಟ್ ಬಂದಿತೆಂದು ಒತ್ತಿದ್ದಕ್ಕೆ ಒತ್ತಕ್ಷರಗಳೆಲ್ಲ ಕೆಟ್ಟು, ಸತ್ತವರ ಹೆಸರಿನ ಜಾಗದಲ್ಲಿ ಬರೀ ಚೌಕಗಳು ಕಂಡವು. ಅರ್ಧ ದಿನ ಹಾಗೇ ಇತ್ತು. ಮಾಸ್ತರರಿಗೆ ಅದು ಹೆಣಕ್ಕೆ ಮಾಡಿದ ಅವಮಾನದಂತೆ ಕಂಡಿತು. ಆಮೇಲೆ ಅಪ್‌ಡೇಟಿನ ಗುರುತು ಮೂಲೆಯಲ್ಲಿ ಮಿನುಗಿದರೂ ಅವರು ಅದರ ಕಡೆ ನೋಡುತ್ತಿರಲಿಲ್ಲ. ಇನ್ನು ಲಾಗ್ಔಟ್ ಎಂಬುದನ್ನಂತೂ ಮಾಡಿದವರೇ ಅಲ್ಲ. ಸಾವು ಹೇಳಿ ಬರುತ್ತದೇನು, ಬಾಗಿಲು ಹಾಕಿಕೊಂಡು ಕೂರಲು ಎನ್ನುವರು. ಬಂದ ಪ್ರತಿ ಸಂದೇಶವನ್ನೂ ತೆರೆದು ನೋಡುವರು, ಯಾರ ಮನೆಯದಿದೆಯೋ ಎಂದು.

ಕಡಲೆ ಕೀಳುವ ದಿನಗಳಲ್ಲಿ, ಒಂದು ಮಧ್ಯಾಹ್ನ, ಯಲಬುರ್ಗಾ ಬಳಿಯ ಹಳ್ಳಿಯ ಒಬ್ಬ ವಿಧವೆ ತೀರಿಕೊಂಡಳೆಂದು ಸುದ್ದಿ ಬಂತು. ಸಂಜೆಯೇ ಮಣ್ಣು ಎಂದು ಬರೆದಿತ್ತು. ಕೊಟ್ಟಿದ್ದ ನಂಬರಿಗೆ ಮಾಸ್ತರರು ಫೋನ್ ಮಾಡಿದರು, ಹತ್ತಲಿಲ್ಲ. ಮತ್ತೆ ಮಾಡಿದರು, ಅದು ಬಂದ್ ಇತ್ತು. ಕೇಳದೆ ಹಾಕುವಂತಿಲ್ಲವೆಂದು ಆ ಸುದ್ದಿಯನ್ನು ಹಾಗೇ ಕಾಯಲು ಬಿಟ್ಟರು. ಆಗ ನಾನು ಅಲ್ಲೇ ಕೂತು ಚಹಾ ಕುಡಿಯುತ್ತಿದ್ದೆ. ಅಷ್ಟರಲ್ಲಿ ಅವರ ಕಂಪ್ಯೂಟರಿಗೆ ಬೇರೊಂದು ಸಂದೇಶ ಬಂತು: ನಮ್ಮ ತಂದೆಯವರು ತೀರಿಕೊಂಡಿದ್ದಾರೆ, ಫೋಟೋ ಈ ಲಿಂಕಿನಲ್ಲಿದೆ. ಒತ್ತಿದರು. ಯಾವನೋ ಪರಿಚಯವಿಲ್ಲದ ಮುದುಕನ ಚಿತ್ರ ತೆರೆಯಿತು, ಹೆಸರಿಲ್ಲ, ಊರಿಲ್ಲ. ಯಾರ ಮನೆಗೆ ಕೇಳಲಿ ಎಂದು ಗೊಣಗಿ, ಅದನ್ನು ಮುಚ್ಚಿ ಮಧ್ಯಾಹ್ನದ ಜುಹರ್ ನಮಾಜಿಗೆ ಹೋದರು. ಕಾಯುತ್ತಿದ್ದ ಆ ವಿಧವೆಯ ಸುದ್ದಿ ಊರಿಗೆಲ್ಲ ಕಾಣಿಸಿಕೊಂಡದ್ದು ಆಗ.

ಆ ವಿಧವೆಗೆ ಒಬ್ಬಳೇ ಮಗಳು. ಗಂಗಾವತಿ ಆಚೆ, ಕಾಲುವೆ ನೀರಿನ ಊರಿಗೆ ಕೊಟ್ಟಿದ್ದರು. ನೆರೆಯವರ ಮೊಬೈಲಿನಲ್ಲಿ ಅವ್ವನ ಫೋಟೋ ನೋಡಿದಳು. ತವರಿಗೆ ಫೋನ್ ಮಾಡಿದಳು, ಎತ್ತಲಿಲ್ಲ. ಅವ್ವ ಹೊಲಕ್ಕೆ ಹೋಗಿದ್ದಳು, ಫೋನ್ ಮನೆಯಲ್ಲಿತ್ತು. ಗಂಡ ಇನ್ನೊಬ್ಬರನ್ನು ವಿಚಾರಿಸೋಣ ಎಂದರೆ ಈಕೆ, "ಮಾಸ್ತರ್ರು ಕೇಳದ ಹಾಕಂಗಿಲ್ಲ, ನಡೀರಿ, ಮಣ್ಣು ಆಗಿಬಿಡತೈತಿ" ಅಂದಳಂತೆ. ಇದನ್ನು ಆ ಗಂಡನೇ ಮುಂದೆ ಠಾಣೆಯಲ್ಲಿ ಹೇಳಿದ. ಬೈಕು ಹತ್ತಿ ಹೊರಟರು. ದಾರಿಯಲ್ಲಿ ಭತ್ತ ಹೇರಿದ ಟ್ರ್ಯಾಕ್ಟರ್ ಒಂದು ತಿರುವಿನಲ್ಲಿ ನಿಂತಿತ್ತು. ಗಂಡನ ಕಾಲು ಮುರಿಯಿತು. ಆಕೆ ಅಲ್ಲೇ ಹೋದಳು.

ಆ ಹೊತ್ತಿಗೆ ಯಲಬುರ್ಗಾದ ಆ ಹಳ್ಳಿಯಲ್ಲಿ ಹೂವಿನ ಹಾರ ಹಿಡಿದುಕೊಂಡು ನೆಂಟರು ಮನೆ ಮುಂದೆ ಸೇರಿದ್ದರು. ಸತ್ತವಳು ಕಡಲೆ ಗಿಡದ ಹೊರೆ ಹೊತ್ತುಕೊಂಡು ಹೊಲದಿಂದ ಬಂದಳು.

ಆಕೆ ಜೀವಂತ ಇದ್ದಾಳೆಂದು ಅಲ್ಲಿಂದ ಯಾರೋ ಫೋನ್ ಮಾಡಿದಾಗ ಮಾಸ್ತರರು, ನಾನು ಹಾಕಿಲ್ಲ, ಹಾಕಿಲ್ಲ ಎಂದೇ ಹೇಳುತ್ತಿದ್ದರು. ಹೇಳುತ್ತಲೇ ಪರದೆ ನೋಡಿದರು. ಸುದ್ದಿ ಅಲ್ಲಿತ್ತು, ಪ್ರಕಟಿಸಿದವರು ಎಂಬಲ್ಲಿ ಅವರದೇ ಹೆಸರಿತ್ತು. ಫೋನ್ ಕೆಳಗಿಟ್ಟು ಆ ಸುದ್ದಿ ತೆಗೆದರು. ಮಗಳ ಸಂಗತಿ ಆಗಿನ್ನೂ ನಮಗೆ ಗೊತ್ತಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಗಂಗಾವತಿ ಕಡೆಯಿಂದ ಒಂದು ಸುದ್ದಿ ಬಂತು. ಹೆಣ್ಣುಮಗಳು, ಅಪಘಾತ, ಮಧ್ಯಾಹ್ನ ಮಣ್ಣು. ಕಳಿಸಿದವನು ಗಂಡನ ಕಡೆಯ ಹಿರಿಯ. ಹಿಂದಿನ ದಿನದ ಸುಳ್ಳು ಎಲ್ಲಿಂದ ಹೊರಟಿತೆಂದು ಆತನಿಗೆ ಗೊತ್ತಿರಲಿಲ್ಲ, ಸುದ್ದಿ ಕಳಿಸಲು ಬೇರೆ ಜಾಗವೂ ಗೊತ್ತಿರಲಿಲ್ಲ. ಮಾಸ್ತರರು ಆತನಿಗೆ ಫೋನ್ ಮಾಡಿ ಕೇಳಿದರು. ಆಮೇಲೆ ತವರಿನ ವಿವರ ಕೇಳಿದರು. ಆತ ಊರು ಮತ್ತು ತಾಯಿಯ ಹೆಸರು ಹೇಳಿದ. ಮಾಸ್ತರರ ಕೈಯಲ್ಲಿದ್ದ ಪೆನ್ನು ನಿಂತಿತು.

ಫೋನ್ ಮಾಡಬೇಡಿ, ನಿಮ್ಮ ಕಾಲಿಗೆ ಬೀಳುತ್ತೇನೆ ಎಂದು ನಾನು ಅವರಿಗೆ ಹೇಳಿದೆ. ನಿಯಮ ಅಂದರೆ ನಿಯಮ ಎಂಬಂತೆ ತಲೆ ಅಲ್ಲಾಡಿಸಿದರು. ಟೋಪಿ ಸರಿಮಾಡಿಕೊಂಡರು, ಎದ್ದು ನಿಂತರು. ಆ ತಾಯಿಯೇ ಎತ್ತಿದಳು. ಸದ್ದು ದೊಡ್ಡದಿದ್ದದ್ದರಿಂದ ನನಗೂ ಕೇಳಿಸಿತು.

"ಅವ್ವಾ, ಕೊಪ್ಪಳದ ಟೈಪಿಂಗ್ ಮಾಸ್ತರ ಮಾತಾಡೋದು. ನಿಮ್ಮ ಮಗಳ ಸುದ್ದಿ ಬಂದೈತಿ. ಖರೇನ್ರಿ?"

ಆ ಕಡೆ ಹಿಂದೆ ಹೆಂಗಸರು ಅಳುವುದು ಕೇಳುತ್ತಿತ್ತು. ಆಮೇಲೆ ಆಕೆ, ಅಳದೆ, ಕೇಳಿದಳು.

"ಈಗ ಕೇಳಾಕತ್ತೀರಿ. ನಾ ಸತ್ತೀನಂತ ಹಾಕೋ ಮುಂದ ಯಾಕ ಕೇಳಲಿಲ್ರಿ?"

ಆಕೆ ಇಟ್ಟ ಮೇಲೂ ಮಾಸ್ತರರು ಫೋನನ್ನು ಎರಡೂ ಕೈಯಲ್ಲಿ ಹಿಡಿದು ನಿಂತೇ ಇದ್ದರು. ನಾನೇ ಹಿಡಿದು ಕೂರಿಸಬೇಕಾಯಿತು.

ನನ್ನ ಅಕ್ಕನ ಮಗಳು ಗಂಗಾವತಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ಅವಳನ್ನು ಕರೆಸಿದೆ. ಅವಳು ಒಂದು ದಿನವೆಲ್ಲ ಕೂತು ತಡಕಾಡಿ, ಇದಕ್ಕೆ ಕ್ರಾಸ್ ಸೈಟ್ ರಿಕ್ವೆಸ್ಟ್ ಫೋರ್ಜರಿ ಅಂತಾರೆ ಎಂದು ಒಂದು ಮಾರುದ್ದದ ಹೆಸರು ಹೇಳಿದಳು. ನನಗೆ ಫೋರ್ಜರಿ ಎಂಬುದಷ್ಟೇ ತಿಳಿಯಿತು. ಬಿಡಿಸಿ ಹೇಳು ಎಂದೆ, ಹೇಳಿದಳು. ಮಾಸ್ತರರು ಒಳಗೆ ಲಾಗಿನ್ ಆಗಿರುವಾಗ ಅವರ ಕಂಪ್ಯೂಟರಿನಿಂದ ಹೋದ ಪ್ರತಿ ಅಪ್ಪಣೆಯನ್ನೂ ವೆಬ್‌ಸೈಟು ಅವರದೇ ಅಪ್ಪಣೆ ಎಂದು ನಂಬುತ್ತದೆ. ಯಾರೋ ಮೊದಲು ಸುಳ್ಳು ಸುದ್ದಿ ಕಳಿಸಿ ಕಾಯಲು ಬಿಟ್ಟರು. ಆಮೇಲೆ ಆ ಮುದುಕನ ಚಿತ್ರದ ಲಿಂಕು ಕಳಿಸಿದರು. ಚಿತ್ರ ತೆರೆದಾಗ ಅದರ ಹಿಂದೆ ಅಡಗಿದ್ದ ಪುಟ, 'ಪ್ರಕಟಿಸು' ಎಂಬ ಅಪ್ಪಣೆಯನ್ನು ಇವರ ಕಂಪ್ಯೂಟರಿನಿಂದಲೇ, ಇವರ ಹೆಸರಿನಲ್ಲೇ ಕಳಿಸಿತು. ಒಳ್ಳೆಯ ಪ್ಲಗಿನ್ ಆದರೆ ಗುಂಡಿಯ ಜೊತೆ ಒಂದು ಗುಟ್ಟಿನ ಗುರುತು ಕೊಟ್ಟಿರುತ್ತದೆ, ಆ ಗುರುತು ತೋರಿಸು, ಇದನ್ನು ನೀನೇ ನಿನ್ನ ಪುಟದಿಂದ ಒತ್ತಿದೆಯಾ ಎಂದು ಕೇಳುತ್ತದೆ. ಇದು ಕೇಳುತ್ತಿರಲಿಲ್ಲ. ಪ್ಲಗಿನ್ ಮಾಡಿದವರು ಈ ತಪ್ಪನ್ನು ಕಂಡು ತಿದ್ದಿಯೂ ಇದ್ದರು, ಮೂಲೆಯಲ್ಲಿ ಮಿನುಗುತ್ತಿದ್ದ ಅಪ್‌ಡೇಟು ಅದೇ ಆಗಿತ್ತು.

ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಕೇಳಿದಿರಾ, ನಿಮ್ಮದೇನೂ ತಪ್ಪಿಲ್ಲ ಎಂದು ಮಾಸ್ತರರ ಕಡೆ ತಿರುಗಿದೆ. ಅವರು ಆ ಮಿನುಗುವ ಗುರುತನ್ನೇ ನೋಡುತ್ತಿದ್ದರು.

"ನಾ ಎಲ್ಲಾರಿಗೂ ತಿರುಗಿ ಕೇಳ್ತಿದ್ದೆ. ಇದು ನನಗ ತಿರುಗಿ ಕೇಳಲಿಲ್ಲ" ಅಂದರು. ಬಲಗೈ ಮೇಜಿನ ಮೇಲಿಟ್ಟು, "ಬೆರಳು ನಂದ ಐತಿ" ಅಂದರು.

ಗಡಿಗೆ ಬಾಯಿ ಕಟ್ಟಬಹುದು, ಮಂದಿ ಬಾಯಿ ಕಟ್ಟಲಾಗುವುದಿಲ್ಲ. ಸಾಬ ಬೇಕಂತಲೇ ಹಾಕಿದ್ದಾನೆ ಎಂದು ಒಂದಷ್ಟು ಜನ ಹೊರಟರು. ಅವರಲ್ಲಿ ಇದೇ ಮಾಸ್ತರರ ವೆಬ್‌ಸೈಟಿನಲ್ಲಿ ತಮ್ಮ ತಂದೆ ತಾಯಿಯ ಸುದ್ದಿ ಹಾಕಿಸಿದವರೂ ಇದ್ದರು. ಅವರಲ್ಲಿ ಇಬ್ಬರನ್ನು ನಾನು ನಡುರಸ್ತೆಯಲ್ಲೇ ಸರಿಯಾಗಿ ಝಾಡಿಸಿದೆ, ಅದರಿಂದ ಏನೂ ಉಪಯೋಗವಾಗಲಿಲ್ಲ. ಕಂಪ್ಯೂಟರನ್ನು ಠಾಣೆಗೆ ಒಯ್ದರು. ದಾಖಲೆಯಲ್ಲಿ ಅಂಗಡಿ ಅವರದು, ಹೆಸರು ಅವರದು, ವೇಳೆಯೂ ತಾಳೆಯಾಗುತ್ತದೆ. ಅಕ್ಕನ ಮಗಳು ಬರೆದುಕೊಟ್ಟ ವಿವರಣೆ ಓದಿ ಅಧಿಕಾರಿ, ಇದನ್ನೆಲ್ಲ ಕೋರ್ಟಿನಲ್ಲಿ ಹೇಳಿ ಎಂದು ಬದಿಗಿಟ್ಟ. ಆ ಬಲೆ ಹೆಣೆದವನು ಯಾರು, ಆ ಬಡ ವಿಧವೆಯ ಮೇಲೆ ಅವನಿಗೇನು ಹಗೆ, ಇಂದಿಗೂ ತಿಳಿದಿಲ್ಲ. ಅವನ ಕೈ ಸೇದಿಹೋಗಲಿ ಎಂದು ನಾನು ದಿನಾ ಶಪಿಸುತ್ತೇನೆ.

ಮಾಸ್ತರರು ನನ್ನ ಅಕ್ಕನ ಮಗಳಿಗೆ ಹೇಳಿ ವೆಬ್‌ಸೈಟ್ ಬಂದ್ ಮಾಡಿಸಿದರು. ಒಂದೇ ಪುಟ ಉಳಿಸಿದ್ದರು, ಅದರಲ್ಲಿ ಹೀಗೆ ಬರೆದಿದ್ದರು: 'ಕೇಳದೆ ಒಂದು ಸುದ್ದಿ ಹೋಯಿತು. ಇನ್ನು ಮುಂದೆ ಹಾಕುವುದಿಲ್ಲ.' ಅಂಗಡಿ ತೆರೆಯುವರು, ಖಾಲಿ ಮೇಜಿನ ಮುಂದೆ ಕೂರುವರು. ಬಸಿಯಲ್ಲಿ ಸುರಿದ ಚಹಾ ಕೆನೆಗಟ್ಟುವುದು. ನಾನು ಎದ್ದು ನಿಂತು ಅಣಕು ಮಾಡುವುದನ್ನು ಬಿಟ್ಟುಬಿಟ್ಟೆ.

ಆಗಾಗ ಅವರು ಬೆಳಿಗ್ಗೆಯೇ ಯಲಬುರ್ಗಾ ಬಸ್ ಹತ್ತಿ ಹೋಗುತ್ತಿದ್ದರು. ಶಿಷ್ಯರನ್ನು ನೋಡಲು ಹೋಗುತ್ತಾರೆಂದು ನಾನು ಅಂದುಕೊಂಡಿದ್ದೆ. ಅವರ ಹೆಂಡತಿ, ನಾನು ಭಾಬಿ ಎಂದು ಕರೆಯುವವರು, ಆಮೇಲೆ ಹೇಳಿದರು: ಅವರು ಆ ತಾಯಿಯ ಕಾಲು ಹಿಡಿಯಬೇಕೆಂದು ಹೋಗುವರಂತೆ. ಯಲಬುರ್ಗಾ ನಿಲ್ದಾಣದಲ್ಲಿ ಇಳಿದು, ಆ ಹಳ್ಳಿಗೆ ಹೋಗುವ ಟಂಟಂ ಆಟೋ ನೋಡುತ್ತ ಕಟ್ಟೆಯ ಮೇಲೆ ಕೂರುವರಂತೆ. ಅದು ತುಂಬಿ ಹೊರಟುಹೋಗುವುದು. ಇವರು ತಿರುಗಿ ಕೊಪ್ಪಳದ ಬಸ್ ಹತ್ತುವರು. ಒಮ್ಮೆಯೂ ಆ ಟಂಟಂ ಹತ್ತಲು ಅವರಿಂದ ಆಗಲಿಲ್ಲ.

ಹೋದ ತಿಂಗಳು ಬೆಳಗಿನ ನಮಾಜು ಮುಗಿಸಿ ಬಂದವರು ಎದೆ ಹಿಡಿದುಕೊಂಡು ಕೂತರಂತೆ, ಏಳಲಿಲ್ಲ. ನಾನು ಓಡಿ ಹೋಗಿ ಕಣ್ಣಾರೆ ನೋಡಿದ್ದೆ. ಆದರೂ ಸುದ್ದಿ ಹಾಕುವ ಮೊದಲು ಭಾಬಿಯ ಎದುರು ನಿಂತು, ಹಾಕಲೇ ಎಂದು ಕೇಳಿದೆ. ಹಾಕ್ರಿ ಅಂದರು. ಹೆಸರು, ಫೋಟೋ, ಜುಹರ್ ನಮಾಜಿನ ನಂತರ ಮಣ್ಣು ಎಂದು ಬರೆದು, ಕೆಳಗೆ ನನ್ನ ನಂಬರು ಕೊಟ್ಟು ಮೊಬೈಲಿನಲ್ಲಿ ಎಲ್ಲರಿಗೂ ಕಳಿಸಿದೆ.

ಆಮೇಲೆ ಫೋನು ಸುಮ್ಮನಾಗಲಿಲ್ಲ. ಕುಷ್ಟಗಿಯಿಂದ, ಗಂಗಾವತಿಯಿಂದ, ನಾನು ಹೆಸರೂ ಕೇಳಿರದ ಹಳ್ಳಿಗಳಿಂದ. ಎಲ್ಲರದೂ ಒಂದೇ ಪ್ರಶ್ನೆ, ಖರೇನ್ರಿ? ಅವರಿಂದ ಕಲಿತು ಕೇಳುತ್ತಿದ್ದರೋ, ಅವರಿಂದಾಗಿ ಯಾವ ಸುದ್ದಿಯನ್ನೂ ನಂಬದೆ ಕೇಳುತ್ತಿದ್ದರೋ, ನನಗೆ ತಿಳಿಯಲಿಲ್ಲ. ಅಳು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಖರೇ, ಖರೇ ಎಂದು ಹೇಳಿ ಇಡುತ್ತಿದ್ದೆ.

ಅವುಗಳ ನಡುವೆ ಒಂದು ಕರೆಯಲ್ಲಿ ಮುದಿ ಹೆಂಗಸಿನ ದನಿ. ಹೆಸರು ಹೇಳಲಿಲ್ಲ, ನನಗೆ ದನಿಯ ಗುರುತಿತ್ತು. ಅಷ್ಟು ದಿನವಾದರೂ ಮರೆತಿರಲಿಲ್ಲ.

"ಯಲಬುರ್ಗಾ ಕಡಿಂದ ಮಾತಾಡೋದ್ರಿ. ಮಾಸ್ತರ್ರ ಸುದ್ದಿ ಬಂದೈತಿ. ಈ ಸಲಾನರ ಖರೇನ್ರಿ?"

ನಾನು ಎದ್ದು ನಿಂತಿದ್ದೆ. ಯಾವಾಗ ಎದ್ದೆನೋ ಗೊತ್ತಿಲ್ಲ.

"ಖರೇ ಐತಿ, ಅವ್ವಾ."

ಆಕೆ ಇಟ್ಟುಬಿಡುತ್ತಾಳೆಂದುಕೊಂಡೆ, ಇಡಲಿಲ್ಲ. ಹಿಂದೆ ಯಾವುದೋ ಬಸ್ಸಿನ ಹಾರ್ನ್ ಕೇಳಿಸಿತು. ಕಂಡಕ್ಟರ್ ಕೊಪ್ಪಳ, ಕೊಪ್ಪಳ ಎಂದು ಕೂಗುತ್ತಿದ್ದ.

"ಮಣ್ಣು ಎಷ್ಟೊತ್ತಿಗ್ರಿ?" ಅಂದಳು.